ಉಪ್ಪುಗಾಳಿಯ ಊರಲ್ಲಿ ಕಾರಿನ ಬಣ್ಣ ಎದ್ದರೆ

ಪ್ರಶ್ನೆ: ಹೆದ್ದಾರಿಯಲ್ಲಿ ಮುಂದಿದ್ದ ಟಿಪ್ಪರ್‌ನಿಂದ ಜಲ್ಲಿಕಲ್ಲು ಹಾರಿ ನಮ್ಮ ಬಿಳಿ ಕಾರಿನ ಬಾನೆಟ್‌ಗೆ ಬಡಿಯಿತು. ತೊಗರಿಬೇಳೆಯಷ್ಟು ಜಾಗದಲ್ಲಿ ಬಣ್ಣ ಎದ್ದಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಿ ಕಂದು ಚುಕ್ಕೆ ಬಂದಿದೆ. ಟಚ್-ಅಪ್ ಬಾಟಲಿ ತಂದಿಟ್ಟಿದ್ದೇನೆ. ಮೇಲಿಂದ ಹಚ್ಚಿದರೆ ಸಾಕಾ?
– ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಸಾಲದು. ದಯವಿಟ್ಟು ಹಾಗೇ ಹಚ್ಚಬೇಡಿ. ಆ ಕಂದು ಚುಕ್ಕೆ ತುಕ್ಕು. ಅದರ ಮೇಲೆ ಬಣ್ಣ ಬಳಿದರೆ ಉಪ್ಪು, ತೇವ ಎರಡೂ ಒಳಗೇ ಉಳಿಯುತ್ತವೆ. ಉಪ್ಪು ಮತ್ತಷ್ಟು ತೇವ ಎಳೆದುಕೊಳ್ಳುತ್ತದೆ, ತುಕ್ಕು ಬಣ್ಣದ ಅಡಿಯಲ್ಲೇ ಹರಡುತ್ತದೆ. ಆಮೇಲೆ ಗುಳ್ಳೆ ಏಳುತ್ತದೆ. ಘಟ್ಟದ ಮೇಲಿನ ಊರಲ್ಲಾದರೆ ಇಂಥ ಗಾಯ ಇನ್ನಷ್ಟು ದಿನ ತಡೆದೀತು, ಸಮುದ್ರದ ಪಕ್ಕ ತಡೆಯುವುದಿಲ್ಲ.

ಮೊದಲು ಆ ಜಾಗವನ್ನು ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ನಿಮ್ಮ ಬಾವಿ ನೀರು ಸವಳಾಗಿದ್ದರೆ ನಲ್ಲಿ ನೀರು ಬಳಸಿ. ಇಲ್ಲವಾದರೆ ತೊಳೆದೂ ಉಪ್ಪು ಹಚ್ಚಿದಂತೆಯೇ!

ಇನ್ನು ತುಕ್ಕು ತೆಗೆಯುವ ಕೆಲಸ. ಪೆನ್ಸಿಲ್‌ನ ಹಿಂಬದಿಗೆ 600 ನಂಬರಿನ ವಾಟರ್ ಪೇಪರ್‌ನ (ನೀರು ಹಾಕಿ ಉಜ್ಜುವ ಮರಳು ಕಾಗದ) ಪುಟ್ಟ ಚೂರು ಅಂಟಿಸಿ, ಚುಕ್ಕೆಯ ಮೇಲಿಟ್ಟು ತಿರುಗಿಸಿ. ಕಂದು ಹೋಗಿ ಲೋಹ ಹೊಳೆಯಬೇಕು. ಆಮೇಲೆ ಗಾಯದ ಅಂಚನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ನೋಡಿ. ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂದರೆ ತುಕ್ಕು ಒಳಗೆ ನುಗ್ಗಿದೆ ಎಂದರ್ಥ. ಬಣ್ಣ ಗಟ್ಟಿಯಾಗಿ ಕೂತಿರುವ ಕಡೆಯವರೆಗೂ ಅದನ್ನು ಬಿಡಿಸಲೇಬೇಕು. ಗಾಯ ದೊಡ್ಡದಾಯಿತಲ್ಲ ಅಂತ ಬೇಜಾರಾಗಬಹುದು, ಆದರೆ ಇಲ್ಲಿ ಅರ್ಧಕ್ಕೆ ಬಿಟ್ಟರೆ ಉಳಿದ ಕೆಲಸವೆಲ್ಲ ದಂಡ.

ಜಿಡ್ಡು ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಸೀಮೆಎಣ್ಣೆ ಬೇಡ, ಅದರ ಜಿಡ್ಡು ಉಳಿದು ಬಣ್ಣ ಹಿಡಿಯುವುದಿಲ್ಲ. ನಂತರ ಲೋಹದ ಮೇಲಷ್ಟೇ ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಹಚ್ಚುವ ತಳಪದರ), ಅದು ಒಣಗಿದ ಮೇಲೆ ಬಣ್ಣ, ಕೊನೆಗೆ ಕ್ಲಿಯರ್ ಕೋಟ್, ಅಂದರೆ ಬಣ್ಣ ಕಾಯುವ ಪಾರದರ್ಶಕ ಪದರ. ಬಾಟಲಿಯ ಬ್ರಷ್ ಇಷ್ಟು ಸಣ್ಣ ಗಾಯಕ್ಕೆ ತೀರಾ ದಪ್ಪ. ಹಲ್ಲುಕಡ್ಡಿಯ ತುದಿಯಲ್ಲಿ ಹನಿ ತೆಗೆದುಕೊಂಡು ಗಾಯದ ನಡುವೆ ಮುಟ್ಟಿಸಿ, ಅದೇ ಹರಡಿಕೊಳ್ಳುತ್ತದೆ. ಬಣ್ಣ ಒಣಗಿದಾಗ ಕುಗ್ಗುತ್ತದೆ. ಹಾಗಾಗಿ ಒಂದೇ ಸಲ ತುಂಬಿಸದೆ, ತೆಳ್ಳಗೆ ಎರಡು ಮೂರು ಸಲ ಹಚ್ಚಿ. ವಾರ ಬಿಟ್ಟು 2000 ನಂಬರಿನ ಪೇಪರ್‌ನಲ್ಲಿ ನೀರು ಹಾಕಿ ಉಬ್ಬನ್ನು ಹಗುರಾಗಿ ಸವರಿ, ಪಾಲಿಶ್ ಮಾಡಿ.

ಇದೆಲ್ಲ ಒಣಹವೆಯ ದಿನವೇ ಆಗಬೇಕು. ಬೆಳಗಿನ ಮಂಜು ಹೋದ ಮೇಲೆ ಶುರು ಮಾಡಿ, ಬಾನೆಟ್ ತಣ್ಣಗಿರಲಿ, ನೆರಳಿರಲಿ. ಹವೆಯಲ್ಲಿ ತೇವ ಜಾಸ್ತಿಯಿದ್ದರೆ ಕ್ಲಿಯರ್ ಕೋಟ್ ಹಾಲಿನಂತೆ ಬೆಳ್ಳಗಾಗುತ್ತದೆ. ಡಿಸೆಂಬರ್, ಜನವರಿ ಇದಕ್ಕೆ ಒಳ್ಳೆ ಕಾಲ. ಆದರೆ ತುಕ್ಕು ಅಲ್ಲಿಯವರೆಗೆ ಕಾಯುವುದಿಲ್ಲ ಅಲ್ವಾ? ಅದನ್ನು ಈಗಲೇ ತೆಗೆದು, ಬಿಸಿಲು ಬಿದ್ದ ದಿನ ಪ್ರೈಮರ್ ಆದರೂ ಹಚ್ಚಿಡಿ.

ತಂದ ಬಣ್ಣ ನಿಮ್ಮ ಕಾರಿನದೇ ಅಂತ ಖಾತ್ರಿ ಮಾಡಿಕೊಳ್ಳಿ. ಬಿಳಿಯಲ್ಲೂ ಬಗೆಬಗೆ ಇವೆ. ಕಲರ್ ಕೋಡ್ ಸಾಮಾನ್ಯವಾಗಿ ಬಾಗಿಲಿನ ಕಂಬದ ಮೇಲೋ ಬಾನೆಟ್ ಒಳಗೋ ಇರುವ ಪಟ್ಟಿಯಲ್ಲಿ ಸಿಗುತ್ತದೆ. ಮುತ್ತಿನ ಹೊಳಪಿನ ಪರ್ಲ್ ಬಿಳಿಯಾದರೆ ಹತ್ತಿರದಿಂದ ನೋಡಿದಾಗ ಚುಕ್ಕೆ ಸ್ವಲ್ಪ ಕಂಡೇ ಕಾಣುತ್ತದೆ.

ಪ್ರಶ್ನೆ: ನಮ್ಮ ಕೆಂಪು ಕಾರಿನ ಟಾಪ್ ಮಾಸಿ ಬಿಳಿಚಿಕೊಂಡಿದೆ. ರಬ್ಬಿಂಗ್ ಕಂಪೌಂಡ್ (ಹೊಳಪು ತರುವ ಪೇಸ್ಟ್) ಉಜ್ಜಿದರೆ ಸರಿಯಾಗುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಮೇಲ್ಮೈ ನುಣುಪಾಗಿದ್ದು ಬರೀ ಮಂಕಾಗಿದ್ದರೆ ಆಗಬಹುದು. ಮೊದಲು ಅಂಗೈಯಗಲ ಜಾಗದಲ್ಲಿ ಉಜ್ಜಿ ನೋಡಿ. ಹೊಳಪು ಬಂದರೆ ಮುಂದುವರಿಸಿ, ಮುಗಿದ ಮೇಲೆ ವ್ಯಾಕ್ಸ್ ಹಚ್ಚಿ. ಆದರೆ ಕ್ಲಿಯರ್ ಕೋಟ್ ಎದ್ದು ಪದರ ಬಿಡುತ್ತಿದ್ದರೆ ಉಜ್ಜಬೇಡಿ, ಉಳಿದದ್ದೂ ಹೋಗುತ್ತದೆ. ಆಗ ಆ ಟಾಪ್ ಪೂರ್ತಿ ಪೇಂಟ್ ಮಾಡಿಸುವುದೇ ದಾರಿ.