ಎಚ್ಚರ ತಪ್ಪಿ ಬೀಳುವ ತಂಗಿಗೆ ಇರುವುದು ಮನಸ್ಸಿನ ಕಾಯಿಲೆಯೇ?

ಪದವಿ ಓದುತ್ತಿರುವ ನಿಮ್ಮ ತಂಗಿ ವರ್ಷಕ್ಕೆ ನಾಲ್ಕೈದು ಸಲ ಎಚ್ಚರ ತಪ್ಪಿ ಬೀಳುತ್ತಾಳೆ, ಇಸಿಜಿ ಮತ್ತು ಟಿಲ್ಟ್ ಟೇಬಲ್ ಪರೀಕ್ಷೆ (ಮೇಜಿನ ಮೇಲೆ ಮಲಗಿಸಿ, ಅದನ್ನು ಓರೆಯಾಗಿ ಮೇಲೆತ್ತಿ ರಕ್ತದೊತ್ತಡ ನೋಡುವುದು) ನಡೆಸಿದ ವೈದ್ಯರು ಇದು ವೇಸೋವೇಗಲ್ ಸಿಂಕೊಪಿ, ಅಂದರೆ ರಕ್ತದೊತ್ತಡ ತಟ್ಟನೆ ಕುಸಿದು ಎಚ್ಚರ ತಪ್ಪುವುದು, ಹೆದರಬೇಕಾಗಿಲ್ಲ ಎಂದಿದ್ದಾರೆ, ಆದರೂ ಅವಳು ಕಾಲೇಜಿಗೆ ಹೋಗಲು ಒಪ್ಪುತ್ತಿಲ್ಲ, ಇದು ಮನಸ್ಸಿನ ಕಾಯಿಲೆಯೇ ಎಂದು ಕೇಳಿದ್ದೀರಿ. ನಾನು ವೈದ್ಯೆಯಲ್ಲ, ಹದಿನಾರನೆಯ ವಯಸ್ಸಿನಿಂದ ಇದೇ ತೊಂದರೆಯೊಡನೆ ಬದುಕುತ್ತಿರುವ ಶಾಲಾ ಶಿಕ್ಷಕಿ.

ಬೀಳುವುದು ಮನಸ್ಸಿನ ಕಾಯಿಲೆಯಲ್ಲ. ಬಹಳ ಹೊತ್ತು ನಿಂತಾಗ, ಸೆಕೆಯಲ್ಲಿ, ರಕ್ತ ಕಂಡಾಗ ಅಥವಾ ನೋವಾದಾಗ, ಮಿದುಳಿನಿಂದ ಹೃದಯಕ್ಕೆ ಸಾಗುವ ವೇಗಸ್ ನರದ ಪ್ರಭಾವದಿಂದ ಹೃದಯದ ಬಡಿತ ನಿಧಾನವಾಗಿ, ರಕ್ತನಾಳಗಳು ಸಡಿಲಗೊಂಡು, ರಕ್ತದೊತ್ತಡ ಕುಸಿಯುತ್ತದೆ. ಮಲಗಿದ ಸ್ಥಿತಿಗೆ ಬಂದೊಡನೆ ರಕ್ತ ಮತ್ತೆ ಮಿದುಳನ್ನು ತಲುಪುವುದರಿಂದ ಸಾಮಾನ್ಯವಾಗಿ ಒಂದೆರಡು ನಿಮಿಷದೊಳಗೆ ಎಚ್ಚರ ಮರಳುತ್ತದೆ.

ಆದರೆ ಆ ಎರಡು ನಿಮಿಷಗಳಿಗಿಂತ, ಒಂದು ಸಲ ಬಿದ್ದು ಇನ್ನೊಂದು ಸಲ ಬೀಳುವವರೆಗಿನ ತಿಂಗಳುಗಳೇ ನನ್ನನ್ನು ಹೆಚ್ಚು ಬಾಧಿಸಿದವು. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಮೊದಲ ಸಲ ಬಿದ್ದಾಗ ಯಾರೋ ಕೈಗೆ ಕಬ್ಬಿಣದ ಬೀಗದ ಕೈ ತುರುಕಿದರು, ಮೂಗಿಗೆ ಈರುಳ್ಳಿ ಹಿಡಿದರು. ಮಿದುಳಿಗೆ ರಕ್ತ ಸಾಲದಾದಾಗಲೂ ಕೈಕಾಲು ಕೆಲ ಕ್ಷಣ ಅದುರಬಹುದು ಎಂಬುದನ್ನು ಅರಿಯದ ನೆಂಟರು ಅದನ್ನು ಮೂರ್ಛೆರೋಗವೆಂದೇ ತೀರ್ಮಾನಿಸಿದರು. ಮುಂದೆ ಮದುವೆಯ ಮಾತುಕತೆಯ ಹೊತ್ತಿನಲ್ಲಿ ಅಮ್ಮ ಈ ವಿಷಯವನ್ನೇ ಮುಚ್ಚಿಟ್ಟರು. ನಾನು ಜಾತ್ರೆ, ಮದುವೆಮನೆ, ದೇವಸ್ಥಾನದ ಸರದಿ ಎಲ್ಲವನ್ನೂ ಬಿಟ್ಟೆ. ಎಲ್ಲಿಗೆ ಹೋದರೂ, ಬಿದ್ದರೆ ತಲೆ ಯಾವುದಕ್ಕೆ ಬಡಿದೀತು ಎಂದು ಮೊದಲು ನೋಡುತ್ತಿದ್ದೆ. ಪದೇ ಪದೇ ಎಚ್ಚರ ತಪ್ಪುವವರ ದಿನನಿತ್ಯದ ಬದುಕು ಸಂಧಿವಾತದಂತಹ ದೀರ್ಘಕಾಲದ ಕಾಯಿಲೆಯುಳ್ಳವರ ಬದುಕಿನಷ್ಟೇ ಕುಗ್ಗಿರುತ್ತದೆ ಎಂದು 1991ರಷ್ಟು ಹಿಂದೆಯೇ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು. ಅದನ್ನು ಓದಿದ ದಿನ ನನಗೆ ಅಳು ಬಂದಿತ್ತು, ಏಕೆಂದರೆ ಅಲ್ಲಿಯವರೆಗೆ ಎಲ್ಲರೂ ನನಗೆ ‘ಏನೂ ಇಲ್ಲ’ ಎಂದೇ ಹೇಳಿದ್ದರು. ನಿಮ್ಮ ತಂಗಿಯ ಭಯಕ್ಕೂ ಕಾರಣವಿದೆ, ಅದಕ್ಕೂ ಚಿಕಿತ್ಸೆ ಬೇಕು.

ನನಗೆ ಧೈರ್ಯ ಬಂದದ್ದು ಮುನ್ಸೂಚನೆಗಳನ್ನು ಗುರುತಿಸಲು ಕಲಿತ ಮೇಲೆ. ಬೆವರು, ಆಕಳಿಕೆ, ಹೊಟ್ಟೆ ತೊಳಸುವುದು, ಕಣ್ಣು ಕತ್ತಲಿಡುವುದು ಕಂಡೊಡನೆ ನಾನು ಕುಳಿತುಕೊಳ್ಳುತ್ತೇನೆ. ಅದಕ್ಕೆ ಜಾಗವಿಲ್ಲದಿದ್ದರೆ ಕಾಲಿನ ಮೇಲೆ ಕಾಲು ಹೆಣೆದು ತೊಡೆ, ಹೊಟ್ಟೆಗಳ ಸ್ನಾಯುಗಳನ್ನು ಬಿಗಿಹಿಡಿಯುತ್ತೇನೆ. 2006ರಲ್ಲಿ ಪ್ರಕಟವಾದ, 223 ಜನರ ಪ್ರಯೋಗವೊಂದರಲ್ಲಿ ಇಂತಹ ತರಬೇತಿ ಪಡೆದವರಲ್ಲಿ ಶೇ. 32ರಷ್ಟು ಜನರಿಗೆ ಮಾತ್ರ ಮತ್ತೆ ಎಚ್ಚರ ತಪ್ಪಿತು. ಪಡೆಯದವರಲ್ಲಿ ಅದು ಶೇ. 51 ಆಗಿತ್ತು. ಚೆನ್ನಾಗಿ ನೀರು ಕುಡಿಯುವುದೂ ಮುಖ್ಯ. ಉಪ್ಪನ್ನು ಹೆಚ್ಚಿಸುವುದಾದರೆ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು. ಭಯ ಮಾತ್ರ ಇಷ್ಟರಿಂದಲೇ ಹೋಗಲಿಲ್ಲ. ಆಪ್ತಸಮಾಲೋಚಕಿಯೊಬ್ಬರ ಮಾರ್ಗದರ್ಶನದಲ್ಲಿ, ಬಿಟ್ಟಿದ್ದ ಜಾಗಗಳಿಗೆ ಒಂದೊಂದಾಗಿ ಮರಳಿ ಹೋಗಲು ನನಗೆ ಏಳೆಂಟು ತಿಂಗಳು ಹಿಡಿಯಿತು. ಸಮೀಪದಲ್ಲಿ ಯಾರೂ ಸಿಗದಿದ್ದರೆ 14416ಕ್ಕೆ ಕರೆ ಮಾಡಿ; ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಒಂದು ಎಚ್ಚರಿಕೆ ಹೇಳಲೇಬೇಕು. ಓಡುವಾಗ ಅಥವಾ ಮಲಗಿದ್ದಾಗ ಎಚ್ಚರ ತಪ್ಪಿದರೆ, ಎದೆನೋವು ಬಂದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತನೆ ತೀರಿಕೊಂಡಿದ್ದರೆ ತಡಮಾಡದೆ ಹೃದ್ರೋಗ ತಜ್ಞರಿಗೆ ತೋರಿಸಿ.

ಅವಳು ಬಿದ್ದಾಗ ಎತ್ತಿ ಕೂರಿಸಬೇಡಿ. ಮಲಗಿಸಿ ಕಾಲುಗಳನ್ನು ಮೇಲೆತ್ತಿ ಹಿಡಿಯಿರಿ, ಸುತ್ತ ಜನ ಸೇರದಂತೆ ನೋಡಿಕೊಳ್ಳಿ. ಅವಳ ಒಪ್ಪಿಗೆ ಪಡೆದು ಇಬ್ಬರು ಗೆಳತಿಯರಿಗೂ ಒಬ್ಬ ಅಧ್ಯಾಪಕರಿಗೂ ಇದನ್ನು ಹೇಳಿಕೊಡಿ, ಮೊದಲ ವಾರ ಒಂದೆರಡು ತರಗತಿಗಳಿಗೆ ಮಾತ್ರ ಹೋಗಿ ಬರಲಿ. ಪ್ರತಿದಿನ ಬೆಳಿಗ್ಗೆ ‘ಇವತ್ತು ಹೇಗಿದೆ, ಬೀಳುವುದಿಲ್ಲ ತಾನೇ’ ಎಂದು ಮಾತ್ರ ಕೇಳಬೇಡಿ. ನನ್ನ ಮನೆಯಲ್ಲಿ ಆ ಪ್ರಶ್ನೆ ನಿಂತ ಮೇಲೆಯೇ ನಾನು ಒಬ್ಬಳೇ ಬಸ್ಸು ಹತ್ತಿದೆ.