ಆತ್ಮವಿಶ್ವಾಸ ಬಂದ ಮೇಲೆ ಯುವ ಕ್ಲಬ್ ಸೇರಬೇಕೆಂದಿದ್ದೇನೆ, ಸರಿಯೇ?

ಹದಿನಾರು ವರ್ಷ, ನಾಲ್ಕು ಜನರೆದುರು ನಿಂತರೆ ಗಂಟಲು ಕಟ್ಟುತ್ತದೆ, ಮೊದಲು ಧೈರ್ಯ ಬರಲಿ ಅಂತ ಕಾಯುತ್ತಿದ್ದೀರಿ. ಆ ವಯಸ್ಸಿನಲ್ಲಿ ನಾನೂ ಹೀಗೇ ಕಾಯುತ್ತಿದ್ದೆ. ಗೆಳೆಯನೊಬ್ಬ ಕೈಹಿಡಿದು ಎಳೆದುಕೊಂಡು ಹೋಗದಿದ್ದರೆ ಸ್ಕೌಟ್ ಟ್ರೂಪಿನ ಬಾಗಿಲನ್ನೇ ನೋಡುತ್ತಿರಲಿಲ್ಲ.

ಅಲ್ಲಿ ಯಾರೂ ನನ್ನ ಕೈಯಲ್ಲಿ ಭಾಷಣ ಮಾಡಿಸಲಿಲ್ಲ. ಹಗ್ಗ ಕೊಟ್ಟರು. ಗಂಟುಗಳು ಬೇಗ ಕೈಗೆ ಹತ್ತಿದವು. ಒಂದು ಸಂಜೆ ಕಿರಿಯನೊಬ್ಬ ಕ್ಲೋವ್ ಹಿಚ್ ಅನ್ನೋ ಗಂಟು ಹೇಗೆ ಹಾಕೋದು ಅಂತ ಕೇಳಿದ. ಹೇಳಿಕೊಟ್ಟು ತಲೆಯೆತ್ತಿದರೆ ಸುತ್ತ ಐದಾರು ಜನ ಕೂತಿದ್ದರು. ಅಷ್ಟು ಹೊತ್ತು ನಾನು ಅವರೆಲ್ಲರ ಮುಂದೆ ಮಾತಾಡಿದ್ದೆ.

ಆಮೇಲೆ ನನ್ನನ್ನು ಪ್ಯಾಟ್ರೋಲ್ ಲೀಡರ್ ಮಾಡಿದರು, ಅಂದರೆ ಟ್ರೂಪಿನೊಳಗಿನ ಒಂದು ಚಿಕ್ಕ ತಂಡದ ನಾಯಕ. ಇಲ್ಲಿ ಆದದ್ದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನಮ್ಮಂಥ ಸ್ವಭಾವದವರೇ ಹೆಚ್ಚಾಗಿ ಈ ಗುಂಡಿಗೆ ಬೀಳುತ್ತಾರೆ. ಟೆಂಟಿನ ಗೂಟ ಎಣಿಸುವುದು, ಹಗ್ಗ ಸುತ್ತಿಡುವುದು, ಸಾಮಾನಿನ ಪಟ್ಟಿ, ದಾರಿಯ ನಕ್ಷೆ, ಎಲ್ಲವನ್ನೂ ನಾನೊಬ್ಬನೇ ಮಾಡುತ್ತಿದ್ದೆ. ನೋಡಿದವರು ಶ್ರಮಜೀವಿ ಅಂದರು, ನಾನೂ ನಂಬಿದೆ. ನಿಜ ಬೇರೆ ಇತ್ತು. ಇನ್ನೊಬ್ಬರಿಗೆ ಕೆಲಸ ಹಚ್ಚಿದರೆ ಅವರ ಮುಖ ನೋಡಿ ಕೇಳಬೇಕು, ಮಾಡದಿದ್ದರೆ ಯಾಕೆ ಮಾಡಲಿಲ್ಲ ಅನ್ನಬೇಕು, ಮುನಿಸಿಕೊಂಡರೆ ಸಹಿಸಬೇಕು. ಅದು ಬೇಡವಾಗಿ ದುಡಿಮೆಯ ಹಿಂದೆ ಅಡಗಿಕೊಂಡಿದ್ದೆ.

ಶಿಬಿರಕ್ಕೆ ಹೊರಡುವ ಹಿಂದಿನ ಸಂಜೆ ನನಗೆ ಜ್ವರ ಬಂತು. ಪ್ಯಾಟ್ರೋಲ್ ಹೊರಟುಹೋಯಿತು. ಟೆಂಟಿನ ಮೇಲೆ ಹಾಕುವ ಟಾರ್ಪಾಲು ನಮ್ಮ ಮನೆಯಲ್ಲೇ ಉಳಿದಿತ್ತು, ಅದು ಎಲ್ಲಿದೆ ಅಂತ ನನ್ನೊಬ್ಬನಿಗೇ ಗೊತ್ತು. ರಾತ್ರಿ ಮಳೆ ಸುರಿದು ಹುಡುಗರೆಲ್ಲ ತೊಯ್ದರು. ಬೈಗುಳ ಬಿದ್ದದ್ದು ಸಹಾಯಕ ಲೀಡರ್ ಆಗಿದ್ದ ನನ್ನ ಗೆಳೆಯನಿಗೆ, ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವನಿಗೇ. ನಾನು ಅವನಿಗೆ ಏನನ್ನೂ ಹೇಳಿರಲಿಲ್ಲ, ಏನನ್ನೂ ಒಪ್ಪಿಸಿರಲಿಲ್ಲ. ಅವನು ಜಗಳ ಆಡಲಿಲ್ಲ. ಬರುವುದನ್ನು ನಿಲ್ಲಿಸಿದ.

1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದ ಮೊದಲ ಸ್ಕೌಟ್ ಶಿಬಿರದಲ್ಲಿ, ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ ಸುಮಾರು ಇಪ್ಪತ್ತು ಹುಡುಗರನ್ನು ನಾಲ್ಕು ಪ್ಯಾಟ್ರೋಲ್ ಮಾಡಿ, ಪ್ರತಿಯೊಂದಕ್ಕೂ ಒಬ್ಬ ಹುಡುಗನನ್ನೇ ನಾಯಕನನ್ನಾಗಿಸಿದ್ದರು. ಗುಂಪು ಅಷ್ಟು ಚಿಕ್ಕದಿದ್ದರೆ ಒಬ್ಬೊಬ್ಬರಿಗೂ ಒಂದೊಂದು ಹೊಣೆ ಸಿಗುತ್ತದೆ. ನಾನು ಆ ಹೊಣೆಗಳನ್ನೆಲ್ಲ ಬಾಚಿಕೊಂಡು ಉಳಿದವರನ್ನು ಬರಿಗೈಯಲ್ಲಿ ಕೂರಿಸಿದ್ದೆ.

ಹಾಗಾಗಿ ನಿಮ್ಮ ಲೆಕ್ಕಾಚಾರ ತಿರುವುಮುರುವಾಗಿದೆ ಅಂತಲೇ ಹೇಳುತ್ತೇನೆ. ಧೈರ್ಯ ಕೆಲಸದ ಹಿಂದೆ ಬರುತ್ತದೆ. ಅಮೆರಿಕದ ಫೋರ್-ಎಚ್ ಎಂಬ ಮಕ್ಕಳ, ಯುವಕರ ಕ್ಲಬ್ಬುಗಳಲ್ಲಿ ಕರು ಸಾಕುವ ಮಕ್ಕಳು ಮೇವು, ಖರ್ಚು ಎಲ್ಲ ಬರೆದಿಡುತ್ತಾರೆ, ಮಾಡಿದ್ದನ್ನು ಜನರೆದುರು ನಿಂತು ವಿವರಿಸುತ್ತಾರೆ. ದಿನವೂ ಮೈ ತಿಕ್ಕಿದ ಕರುವಿನ ಬಗ್ಗೆ ಹೇಳಲು ಯಾರಿಗೂ ಮಾತು ಹುಡುಕಬೇಕಾಗುವುದಿಲ್ಲ. ವ್ಯಕ್ತಿತ್ವ ವಿಕಸನದ ಕೋರ್ಸುಗಳಿಗೆ ದುಡ್ಡು ಸುರಿಯಬೇಡಿ.

ಯಾವ ಕ್ಲಬ್ ಅಂತ ಕೇಳಿದ್ದೀರಿ. ಹೆಸರು ನೋಡಬೇಡಿ, ಒಂದು ಸಭೆಯಲ್ಲಿ ಕೂತು ನೋಡಿ. ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ? ತೀರ್ಮಾನ ಯಾರದು? ದೊಡ್ಡವರೇ ಎಲ್ಲ ಮಾಡಿ ಮಕ್ಕಳನ್ನು ಫೋಟೋಗೆ ನಿಲ್ಲಿಸುವ ಕಡೆ ಇರಬೇಡಿ. ಮೊದಲ ವರ್ಷ ಪದವಿ ಕೊಟ್ಟರೂ ಬೇಡವೆನ್ನಿ. ಪ್ರಥಮ ಚಿಕಿತ್ಸೆ ಪೆಟ್ಟಿಗೆಯನ್ನೋ ಸಾಮಾನು ಕೋಣೆಯನ್ನೋ ಕೇಳಿ ತೆಗೆದುಕೊಳ್ಳಿ. ಕೆಲಸ ಕೈಗೆ ಬಂದ ತಿಂಗಳೊಳಗೆ ಅರ್ಧವನ್ನು ಇನ್ನೊಬ್ಬರಿಗೆ ಒಪ್ಪಿಸಿ, ಮಾಡಿದರಾ ಅಂತ ಬಾಯಿಬಿಟ್ಟು ಕೇಳಿ. ಕಷ್ಟ ಇರುವುದೇ ಅಲ್ಲಿ.

ಓದು ಹಾಳಾಗುತ್ತದಾ ಅಂದಿರಿ. ಪರೀಕ್ಷೆ ಇದ್ದಾಗ ಹೋಗಬೇಡಿ, ಅಷ್ಟೇ. ಮುಂದಿನ ಸಭೆ ಯಾವತ್ತು ಅಂತ ಈ ವಾರವೇ ವಿಚಾರಿಸಿ. ಮೊದಲ ದಿನ ಮಾತಾಡಲೇಬೇಕೆಂದಿಲ್ಲ, ಸಾಮಾನು ಎತ್ತಿಡುವವರ ಜೊತೆ ಸೇರಿಕೊಳ್ಳಿ.