ಟೀಗೆ ಕರೆದಿದ್ದಾರಾ? ಅವತ್ತು ರಾತ್ರಿಗೆ ಅಕ್ಕಿ ತೊಳೆಯಬೇಡಿ

ಲೀಡ್ಸ್‌ಗೆ ಬಂದು ಮೂರು ವಾರ ಆಯ್ತು, ಪಕ್ಕದ ಮನೆ ಅಜ್ಜಿ ಗುರುವಾರ 'ಹಾಫ್ ಫೈವ್'ಗೆ ಟೀಗೆ ಬಾ ಅಂದಿದ್ದಾರೆ, ಒಂದು ಪ್ಯಾಕೆಟ್ ಬಿಸ್ಕತ್ತು ತಗೊಂಡು ಹೋಗಿ ಅರ್ಧ ಗಂಟೆಯಲ್ಲಿ ಎದ್ದು ಬಂದರೆ ಸಾಕಲ್ವಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ ತಂಗಿ. ಅವರು ಕರೆದಿರುವುದು ಊಟಕ್ಕೆ.

ಇಂಗ್ಲೆಂಡಿನ ಉತ್ತರದ ಕಡೆ, ನಮ್ಮ ಯಾರ್ಕ್‌ಷೈರಿನಲ್ಲೂ, ಸಂಜೆ ಐದು-ಆರು ಗಂಟೆಯ ಊಟಕ್ಕೆ ಎಷ್ಟೋ ಮನೆಗಳಲ್ಲಿ ಟೀ ಅಂತಲೇ ಹೆಸರು. ಹಿಂದೆ ಗಿರಣಿ ಕೆಲಸ ಮುಗಿಸಿ ಬಂದವರು ಬಿಸಿ ಊಟದ ಜೊತೆಗೇ ಒಂದು ಪಾಟ್ ಟೀ ಇಟ್ಟುಕೊಂಡು ಕೂರುತ್ತಿದ್ದರು. ಹಾಗೆ ಬಂದ ಹೆಸರು ಇದು. ಮಗು 'ವಾಟ್ಸ್ ಫಾರ್ ಟೀ?' ಅಂತ ಕೇಳುತ್ತೆ, ಅಮ್ಮ 'ಪಾಸ್ತಾ' ಅನ್ನುತ್ತಾಳೆ. ಇಲ್ಲಿ ಯಾರಿಗೂ ಇದು ವಿಚಿತ್ರ ಅನ್ನಿಸುವುದಿಲ್ಲ.

ಹಾಗಾದರೆ ಡಿನ್ನರ್ ಯಾವಾಗ? ಮಧ್ಯಾಹ್ನ! ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುವವರನ್ನು 'ಡಿನ್ನರ್ ಲೇಡಿ' ಅಂತಾರೆ. ನಾನು ಇದರಲ್ಲಿ ಚೆನ್ನಾಗಿಯೇ ಬೇಸ್ತು ಬಿದ್ದಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಮೇಲಿನವರು 'ಡಿನ್ನರ್ ಆದ ಮೇಲೆ ಮಾತಾಡೋಣ' ಅಂದರು. ನಾನು ಒಂದು ಗಂಟೆಗೆ ಸುಮ್ನೆ ಹೊರಗೆ ಒಂದು ಸುತ್ತು ಹಾಕಿ ಬಂದೆ. ರಾತ್ರಿ ಎಂಟಕ್ಕೆ ತಟ್ಟೆಯ ಪಕ್ಕ ಫೋನ್ ಇಟ್ಟುಕೊಂಡು ಕೂತೆ. ಒಂಬತ್ತೂವರೆ ಆಯ್ತು, ಫೋನ್ ಬರಲಿಲ್ಲ. ಚಪಾತಿ ಹಪ್ಪಳ ಆಗಿತ್ತು. ಮಾರನೇ ದಿನ ಗೊತ್ತಾಯ್ತು, ಅವರು ಮಧ್ಯಾಹ್ನ ಒಂದಕ್ಕೇ ನನ್ನ ಮೇಜಿನ ಹತ್ತಿರ ಬಂದು ಹುಡುಕಿ ಹೋಗಿದ್ದರು.

ಲಂಡನ್ ಕಡೆಯವರು ಡಿನ್ನರ್ ಅಂದರೆ ಮಾತ್ರ ಹೆಚ್ಚಾಗಿ ರಾತ್ರಿ ಊಟವೇ. ದೊಡ್ಡ ಹೋಟೆಲಿನ 'ಆಫ್ಟರ್‌ನೂನ್ ಟೀ' ಇನ್ನೊಂದು ಥರ. ಸಣ್ಣ ಸಣ್ಣ ಸ್ಯಾಂಡ್‌ವಿಚ್, ಸ್ಕೋನು, ಕೇಕು, ಬೆಲೆ ಜಾಸ್ತಿ. ಕ್ರಿಕೆಟ್ ಟೀ ನಿಮಗೆ ಗೊತ್ತೇ ಇದೆ, ಟೆಸ್ಟ್ ಮ್ಯಾಚಿನಲ್ಲಿ 20 ನಿಮಿಷದ ಬಿಡುವು. ಊರಿನ ಕ್ಲಬ್ ಮ್ಯಾಚಿಗೆ ಹೋಗಿ ನೋಡಿ. ಎಷ್ಟೋ ಕಡೆ ಎರಡು ಇನ್ನಿಂಗ್ಸ್ ನಡುವೆ ಉದ್ದ ಮೇಜು ಹಾಕಿ ತಿಂಡಿ ಜೋಡಿಸಿರುತ್ತಾರೆ, ಅದೂ ಟೀ!

ಕುಡಿಯುವ ಟೀಗೆ ಇಲ್ಲಿ 'ಬ್ರೂ' ಅಂತಾರೆ. ನಮಗೆ ಕಾಫಿಪುಡಿ ಪೊಟ್ಟಣ ನೆನಪಾಗುತ್ತೆ, ಏನು ಮಾಡೋದು. ಆಫೀಸಿನಲ್ಲಿ ಒಬ್ಬರು ಎದ್ದು 'ಬ್ರೂ?' ಅಂದರೆ ಎಲ್ಲರಿಗೂ ಸೇರಿಸಿ ಮಾಡಿ ತರುತ್ತಾರೆ. ಬೇಡ ಅಂದರೆ 'ಐ ಆಮ್ ಆಲ್‌ರೈಟ್, ಥ್ಯಾಂಕ್ಸ್' ಅನ್ನಿ. ಹೂಂ ಅಂದವರು ಒಂದು ದಿನ ತಾವೂ ಎದ್ದು ಮಾಡಬೇಕು. ವಾರಗಟ್ಟಲೆ ಬಿಟ್ಟಿ ಕುಡಿದರೆ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಲೆಕ್ಕ ಇಟ್ಟಿರುತ್ತಾರೆ. ಮಾಡುವುದೇನೂ ಕಷ್ಟ ಇಲ್ಲ. ಕುದಿಯುವ ನೀರಿಗೆ ಬ್ಯಾಗ್ ಹಾಕಿ, ಆಮೇಲೆ ಫ್ರಿಜ್ಜಿನ ತಣ್ಣನೆ ಹಾಲು. ಹಾಲು ಕಾಯಿಸಲು ಹೋಗಬೇಡಿ, ಏಲಕ್ಕಿ ಜಜ್ಜಬೇಡಿ.

ಗುರುವಾರಕ್ಕೆ ಬರೋಣ. ಹಾಫ್ ಫೈವ್ ಅಂದರೆ ಐದೂವರೆ, ನಾಲ್ಕೂವರೆ ಅಲ್ಲ. ನಮ್ಮ ಕಡೆಯ ಐದೂವರೆಯೂ ಅಲ್ಲ, ಹೇಳಿದ ಹೊತ್ತಿಗೆ ಬಾಗಿಲು ತಟ್ಟಿ. ಸಸ್ಯಾಹಾರಿ ಆಗಿದ್ದರೆ ಇವತ್ತೇ ಹೇಳಿಬಿಡಿ, ಮೀನೂ ತಿನ್ನಲ್ಲ ಅಂತ ಬಿಡಿಸಿ ಹೇಳಿ. ಚೀಸು ಈರುಳ್ಳಿ ಹಾಕಿದ ಪೈ ಮಾಡಬಹುದು, ಚೆನ್ನಾಗಿರುತ್ತೆ. ಬಿಸ್ಕತ್ತಿನ ಬದಲು ಹೂವೋ ಚಾಕೊಲೇಟೋ ತಗೊಂಡು ಹೋಗಿ. ತಟ್ಟೆ ತೊಳೆಯುವಾಗ 'ಟೀ ಟವೆಲ್' ಕೊಡು ಅಂದರೆ ಪಾತ್ರೆ ಒರೆಸುವ ಬಟ್ಟೆ ಅಂತ ತಿಳಿಯಿರಿ.

ಎಲ್ಲ ಮುಗಿದ ಮೇಲೆ ಅಜ್ಜಿ ಕೆಟಲ್ ಹಚ್ಚಿ 'ಕಪ್ ಆಫ್ ಟೀ, ಲವ್?' ಅಂತ ಕೇಳುತ್ತಾರೆ. ಅದು ಕುಡಿಯುವ ಟೀ. 'ಲವ್' ಬಗ್ಗೆ ಗಾಬರಿ ಬೇಡ, ನನ್ನ ಬಸ್ ಡ್ರೈವರೂ ನನಗೆ ಹಾಗೇ ಕರೆಯುತ್ತಾನೆ.